ಅಪ್ಪ-ಅಮ್ಮನ ಜೊತೆ ಕೆಸಿಕ್‌ನ ಬಿ ಅಂಡ್ ಬಿಯಲ್ಲಿ: ನನ್ನ ಅನುಭವ

ಅಪ್ಪ-ಅಮ್ಮ ಇಂಗ್ಲೆಂಡಿಗೆ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನೋದು ಬೇಗ ತೀರ್ಮಾನವಾಯಿತು. ಲೇಕ್ ಡಿಸ್ಟ್ರಿಕ್ಟ್. ಗುಡ್ಡ, ಸರೋವರ, ಮಳೆ ಎಲ್ಲ ಇರುವ ಜಾಗ. ತೀರ್ಥಹಳ್ಳಿ ಕಡೆಯವರಿಗೆ ಇನ್ನೇನು ಬೇಕು? ಎಲ್ಲಿ ಉಳಿಯೋದು ಅನ್ನೋದೇ ದೊಡ್ಡ ಯೋಚನೆಯಾಗಿತ್ತು. ಇಬ್ಬರೂ ಸಸ್ಯಾಹಾರಿಗಳು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಪ್ಪನಿಗೆ ಮಂಡಿ ನೋವು. ನಾವು ಮ್ಯಾಂಚೆಸ್ಟರಿನಲ್ಲಿದ್ದು ವರ್ಷಗಳಾದರೂ ಹೊರಗೆ ಹೋದಾಗ ದೊಡ್ಡ ಹೋಟೆಲುಗಳಲ್ಲೇ ಉಳಿದವರು. ಅಲ್ಲಿ ಬೆಳಿಗ್ಗೆ ಸಾಲಾಗಿ ಇಟ್ಟ ಪಾತ್ರೆಗಳ ಮುಂದೆ ನಿಂತು, ಯಾವುದರಲ್ಲಿ ಏನಿದೆ ಅಂತ ಕೇಳಿದರೆ ಬಡಿಸುವ ಹುಡುಗನಿಗೇ ಗೊತ್ತಿರುವುದಿಲ್ಲ. ಅಡುಗೆ ಮಾಡುವವರನ್ನೇ ನೇರವಾಗಿ ಕೇಳುವಂತಿರಬೇಕು ಅಂತ ಈ ಸಲ ಬಿ ಅಂಡ್ ಬಿ ಹುಡುಕಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಅಂದರೆ ಯಾರದೋ ಮನೆ. ಸಾಮಾನ್ಯವಾಗಿ ಮನೆಯವರು ಅಲ್ಲೇ ವಾಸ ಇರುತ್ತಾರೆ, ಒಂದಷ್ಟು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತದೆ. ಮಧ್ಯಾಹ್ನ, ರಾತ್ರಿ ಊಟ ಮಾತ್ರ ನಾವೇ ಹೊರಗೆ ನೋಡಿಕೊಳ್ಳಬೇಕು. ನಮ್ಮ ಮಲೆನಾಡಿನ ಹೋಮ್‌ಸ್ಟೇಗಳಲ್ಲಿ ಹೆಚ್ಚಾಗಿ ರಾತ್ರಿ ಊಟವೂ ಸಿಗುತ್ತದೆ, ಅದನ್ನು ಇಲ್ಲಿ ನಿರೀಕ್ಷಿಸಬಾರದು.

ಲೇಕ್ ಡಿಸ್ಟ್ರಿಕ್ಟಿನ ಕೆಸಿಕ್ ಸಣ್ಣ ಊರು. 1865ರಲ್ಲಿ ಅಲ್ಲಿಗೆ ರೈಲು ಬಂತು, ಅದರ ಹಿಂದೆ ಪ್ರವಾಸಿಗರು ಬಂದರು. ಬೂದು-ಹಸಿರು ಸ್ಲೇಟ್ ಕಲ್ಲಿನ ಸಾಲುಮನೆಗಳು ಎದ್ದವು. ರೈಲು 1972ರಲ್ಲಿ ನಿಂತುಹೋಯಿತು, ಆದರೆ ಮನೆಗಳು ಹಾಗೇ ಇವೆ. ಬ್ಲೆಂಕಾತ್ರ ಸ್ಟ್ರೀಟ್, ಎಸ್ಕಿನ್ ಸ್ಟ್ರೀಟ್, ಸ್ಟ್ಯಾಂಗರ್ ಸ್ಟ್ರೀಟ್ ಕಡೆ ನಡೆದರೆ ಅಕ್ಕಪಕ್ಕದ ಎಷ್ಟೋ ಮನೆಗಳು ಬಿ ಅಂಡ್ ಬಿಗಳೇ. ರೂಮ್ ಖಾಲಿ ಇದೆಯೋ ಇಲ್ಲವೋ ಅಂತ ಹೇಳುವ ಸಣ್ಣ ಬೋರ್ಡು ಕಿಟಕಿಯಲ್ಲೇ ಇರುತ್ತದೆ.

ಬುಕ್ ಮಾಡುವ ಮೊದಲು ಫೋನ್ ಮಾಡಿದೆ. ಇದನ್ನು ಒತ್ತಿ ಹೇಳುತ್ತೇನೆ. ವೆಬ್‌ಸೈಟಿನಲ್ಲಿ 'ಸಸ್ಯಾಹಾರ ಲಭ್ಯ' ಅಂತ ಇರುತ್ತದೆ, ಅಷ್ಟರಿಂದ ಅಮ್ಮನ ಹೊಟ್ಟೆ ತುಂಬುವುದಿಲ್ಲ. ಫೋನ್ ಎತ್ತುವವರು ಹೆಚ್ಚಾಗಿ ಮನೆಯೊಡತಿಯೇ. ಬೆಳಿಗ್ಗೆ ಒಲೆ ಮುಂದೆ ನಿಲ್ಲುವವರೂ ಅವರೇ. ನಾನು ಕೇಳಿದ್ದು ಇಷ್ಟು. ನೆಲಮಹಡಿಯಲ್ಲಿ ರೂಮ್ ಇದೆಯಾ? ಇಲ್ಲದಿದ್ದರೆ ಎಷ್ಟು ಮೆಟ್ಟಿಲು ಹತ್ತಬೇಕು? ಬಾತ್‌ರೂಮ್ ರೂಮಿನ ಒಳಗೇ ಇದೆಯಾ? ಸ್ನಾನಕ್ಕೆ ಟಬ್ ದಾಟಿ ಇಳಿಯಬೇಕಾ, ನೇರ ಒಳಗೆ ಹೋಗುವ ಶವರ್ ಇದೆಯಾ? ಮಾಂಸ, ಮೀನು, ಮೊಟ್ಟೆ ಮೂರೂ ಇಲ್ಲದೆ ತಿಂಡಿ ಕೊಡಬಹುದಾ, ಬೇರೆ ಬಾಣಲೆಯಲ್ಲಿ ಮಾಡಬಹುದಾ?

ಮೊದಲು ಫೋನ್ ಮಾಡಿದ ಮನೆಯವರು ಒಂದೇ ಬಾಣಲೆ ಅಂತ ನೇರವಾಗಿ ಹೇಳಿಬಿಟ್ಟರು. ಹಾಗೆ ಹೇಳಿದ್ದೇ ಒಳ್ಳೆಯದಾಯಿತು. ಇನ್ನೊಂದು ಮನೆಯೊಡತಿ ಸ್ವಲ್ಪ ಹೊತ್ತು ಯೋಚಿಸಿ, "ಬಾಣಲೆ ಬೇರೆ ಇಡುತ್ತೇನೆ, ಆದರೆ ಸಸ್ಯಾಹಾರಿ ಸಾಸೇಜ್ ಯಾವುದು ತರಲಿ?" ಅಂತ ಕೇಳಿದರು. ಅಲ್ಲೇ ನನಗೆ ಧೈರ್ಯ ಬಂತು. ಯಾಕೆಂದರೆ ಇದು ತುಂಬಾ ಜನ ಗಮನಿಸದ ವಿಷಯ. ಇಲ್ಲಿ 'ವೆಜಿಟೇರಿಯನ್' ಅಂತ ಬರೆದದ್ದರಲ್ಲಿ ಮೊಟ್ಟೆ ಇರಬಹುದು. ಕ್ವಾರ್ನ್ ಕಂಪನಿಯ ಸಾಮಾನ್ಯ ಸಸ್ಯಾಹಾರಿ ಸಾಸೇಜಿನಲ್ಲಿ ಮೊಟ್ಟೆಯ ಬಿಳಿ ಇರುತ್ತದೆ. ನಮ್ಮ ಅರ್ಥದ ಶುದ್ಧ ಸಸ್ಯಾಹಾರ ಬೇಕಾದರೆ 'ವೀಗನ್' ಅಂತ ಕೇಳಿ, ಹಾಲು-ಬೆಣ್ಣೆ ನಡೆಯುತ್ತದೆ ಅಂತ ಸೇರಿಸುವುದೇ ಸುಲಭ. ಮೊಸರಿನ ಡಬ್ಬಿಗಳಲ್ಲೂ ಕೆಲವದರಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಮೊಟ್ಟೆ, ಹಾಲು, ನೆಲಗಡಲೆ ಸೇರಿ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡುವುದು 2014ರ ಡಿಸೆಂಬರ್‌ನಿಂದ ಇಲ್ಲಿ ಕಡ್ಡಾಯ. ಬಿ ಅಂಡ್ ಬಿ ನಡೆಸುವವರಿಗೂ ಅದು ಅನ್ವಯಿಸುತ್ತದೆ. ಹಾಗಾಗಿ ಕೇಳಲು ಸಂಕೋಚ ಬೇಡ, ಅವರಿಗೆ ಉತ್ತರ ಕೊಟ್ಟು ಅಭ್ಯಾಸ ಇರುತ್ತದೆ.

ಬಾಡಿಗೆ ಇಬ್ಬರ ರೂಮಿಗೆ ರಾತ್ರಿಗೆ 110 ಪೌಂಡ್. ಬುಕಿಂಗ್ ವೆಬ್‌ಸೈಟ್ ಬಿಟ್ಟು ನೇರವಾಗಿ ಮಾತಾಡಿದ್ದಕ್ಕೆ ಸ್ವಲ್ಪ ಕಡಿಮೆ ಮಾಡಿದರು. ವೆಬ್‌ಸೈಟಿಗೆ ಹೋಗುವ ಕಮಿಷನ್ ಅವರಿಗೆ ಉಳಿಯುತ್ತದಲ್ವಾ. ವಾರಾಂತ್ಯಕ್ಕೆ ಒಂದೇ ರಾತ್ರಿ ಕೊಡುವುದಿಲ್ಲ ಅಂದರು. ಇದು ಬಹುತೇಕ ಕಡೆ ಹಾಗೇ. ಚಿಕ್ಕ ಮಕ್ಕಳನ್ನು ಬಿಟ್ಟುಕೊಳ್ಳದ ಮನೆಗಳೂ ಇವೆ, ಮಕ್ಕಳಿರುವವರು ಮೊದಲೇ ಕೇಳಿ.

ಮ್ಯಾಂಚೆಸ್ಟರಿನಿಂದ ಪೆನ್ರಿತ್‌ವರೆಗೆ ರೈಲು, ಅಲ್ಲಿ ಸ್ಟೇಷನ್ ಎದುರೇ ಕೆಸಿಕ್ ಬಸ್ಸು. ಮುಕ್ಕಾಲು ಗಂಟೆ ಹಾದಿ. ಸಂಜೆ ನಾಲ್ಕರಿಂದ ಆರರೊಳಗೆ ಬನ್ನಿ ಅಂದಿದ್ದರು. ಈ ಹೊತ್ತು ಮುಖ್ಯ. ಬಿ ಅಂಡ್ ಬಿಯಲ್ಲಿ ರಿಸೆಪ್ಷನ್ ಅಂತ ಇರುವುದಿಲ್ಲ. ನೀವು ತಡ ಮಾಡಿದರೆ ಒಬ್ಬ ಮನುಷ್ಯ ತನ್ನ ಸಂಜೆಯ ಕೆಲಸ ಬಿಟ್ಟು ಬಾಗಿಲು ಕಾಯಬೇಕು. ಪೆನ್ರಿತ್‌ನಲ್ಲಿ ಬಸ್ ಹತ್ತಿದ ಕೂಡಲೇ ಮೆಸೇಜ್ ಹಾಕಿದೆ.

ಒಳಗೆ ಹೋದ ಮೇಲೆ ಅಪ್ಪ ನಮಸ್ಕಾರ ಮಾಡಿ, ಪಾಸ್‌ಪೋರ್ಟ್ ತೆಗೆದು ಕೈಯಲ್ಲಿ ಹಿಡಿದುಕೊಂಡೇ ನಿಂತರು. ನಮ್ಮ ದೇಶದಲ್ಲಿ ಹೋಮ್‌ಸ್ಟೇಗೆ ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕಳಿಸಬೇಕು ಅನ್ನೋದು ಅವರಿಗೆ ಗೊತ್ತಿತ್ತು, ನೆಂಟರೊಬ್ಬರು ಹೋಮ್‌ಸ್ಟೇ ನಡೆಸುತ್ತಾರೆ. ಇಲ್ಲೂ 1972ರ ಒಂದು ಆದೇಶ ಇದೆ. ಉಳಿಯಲು ಬರುವ 16 ವರ್ಷ ದಾಟಿದ ಪ್ರತಿಯೊಬ್ಬರ ಹೆಸರು, ರಾಷ್ಟ್ರೀಯತೆ ಬರೆದುಕೊಂಡು 12 ತಿಂಗಳು ಇಟ್ಟುಕೊಳ್ಳಬೇಕು. ಪಾಸ್‌ಪೋರ್ಟ್ ನಂಬರು, ಮುಂದೆ ಎಲ್ಲಿಗೆ ಹೋಗುತ್ತೀರಿ ಅನ್ನೋದನ್ನು ಕಾಮನ್‌ವೆಲ್ತ್‌ಗೆ ಸೇರದ ದೇಶದವರಿಂದ ಮಾತ್ರ ಕೇಳಬೇಕು, ಐರ್ಲೆಂಡಿನವರಿಗೂ ಬೇಡ. ಭಾರತ ಕಾಮನ್‌ವೆಲ್ತ್‌ನಲ್ಲಿದೆ. ಮನೆಯೊಡತಿ ಪುಸ್ತಕ ತೆರೆದು ಹೆಸರು, 'ಇಂಡಿಯನ್' ಅಂತ ಬರೆದುಕೊಂಡು, "ಅದನ್ನು ಜೋಪಾನವಾಗಿ ಒಳಗಿಡಿ" ಅಂದರು. ಆಮೇಲೆ ಎರಡು ಕೀ ಕೊಟ್ಟರು. ಒಂದು ರೂಮಿಗೆ, ಇನ್ನೊಂದು ಮುಂಬಾಗಿಲಿಗೆ. ಮುಂಬಾಗಿಲ ಕೀ ಕೊಟ್ಟದ್ದು ಅಮ್ಮನಿಗೆ ಆಶ್ಚರ್ಯ. "ಗುರುತು ಪರಿಚಯ ಇಲ್ಲದವರಿಗೆ ಮನೆ ಕೀ ಕೊಡ್ತಾರಲ್ಲೋ" ಅಂತ ಮತ್ತೆ ಮತ್ತೆ ಅಂದರು.

ಬಾತ್‌ರೂಮ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಊರಿಂದ ಬಂದ ಹಿರಿಯರಿಗೆ ತೊಡಕಾಗುವುದು ಇಲ್ಲೇ. ದೀಪಕ್ಕೆ ಗೋಡೆಯ ಸ್ವಿಚ್ ಇರುವುದಿಲ್ಲ, ಸೂರಿನಿಂದ ಇಳಿಬಿದ್ದ ದಾರ ಎಳೆಯಬೇಕು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು ಅಂತ ಆ ವ್ಯವಸ್ಥೆ. ಎಲೆಕ್ಟ್ರಿಕ್ ಶವರಿಗೆ ಇನ್ನೊಂದು ದಾರ ಇರಬಹುದು. ಅದನ್ನು ಎಳೆದು ಕೆಂಪು ದೀಪ ಬಂದರೆ ಮಾತ್ರ ಬಿಸಿನೀರು. ಎಲ್ಲಕ್ಕಿಂತ ಮುಖ್ಯ, ನೆಲದಲ್ಲಿ ನೀರು ಹೋಗಲು ಕಿಂಡಿ ಇಲ್ಲ. ನಮ್ಮ ಬಚ್ಚಲಿನ ಹಾಗೆ ಚೊಂಬಿನಲ್ಲಿ ಮೊಗೆದು ಹೊಯ್ದುಕೊಂಡರೆ ನೀರು ಕೆಳಗಿನ ರೂಮಿನ ಸೂರಿಗೆ ಇಳಿಯುತ್ತದೆ. ಹೋದ ತಕ್ಷಣ ಇಬ್ಬರಿಗೂ ಎಲ್ಲ ತೋರಿಸಿಕೊಟ್ಟೆ. ಟಾಯ್ಲೆಟ್ಟಿಗೆ ಒಂದು ಸಣ್ಣ ಮಗ್ ಮನೆಯಿಂದಲೇ ತಂದಿದ್ದೆವು. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ನಮ್ಮ ಹಿರಿಯರಿಗೆ ಅದೇ ದೊಡ್ಡ ಚಿಂತೆ.

ರೂಮಿನ ಮೂಲೆಯ ಟ್ರೇಯಲ್ಲಿ ಕೆಟಲ್, ಟೀ ಬ್ಯಾಗ್, ಕಾಫಿ ಪುಡಿಯ ಪೊಟ್ಟಣ, ಬಿಸ್ಕತ್ತು ಇತ್ತು. ಹಾಲು ಮಾತ್ರ ಬೆರಳುದ್ದದ ಪ್ಲಾಸ್ಟಿಕ್ ಬಟ್ಟಲಿನದು, ಬಹಳ ದಿನ ಕೆಡದಂತೆ ಕಾಯಿಸಿದ್ದು. ಕಾಫಿಗೆ ರುಚಿಯಿಲ್ಲ. ಕೇಳಿದ್ದಕ್ಕೆ ಒಂದು ಸಣ್ಣ ಜಗ್‌ನಲ್ಲಿ ತಾಜಾ ಹಾಲು ತಂದಿಟ್ಟರು. ಬಾಯಿಬಿಟ್ಟು ಕೇಳಿದರೆ ಕೊಡುತ್ತಾರೆ. ರೈಸ್ ಕುಕ್ಕರ್, ಇಂಡಕ್ಷನ್ ಒಲೆ ಮಾತ್ರ ದಯವಿಟ್ಟು ಒಯ್ಯಬೇಡಿ. ಒಗ್ಗರಣೆಯ ಹೊಗೆಗೆ ಅಲಾರಂ ಹೊಡೆದುಕೊಂಡರೆ ಇಡೀ ಮನೆಯ ಅತಿಥಿಗಳು ಬೀದಿಗೆ ಬಂದು ನಿಲ್ಲಬೇಕಾಗುತ್ತದೆ.

ರಾತ್ರಿ ಊಟಕ್ಕೆ ಬೇಗ ಹೊರಡಿ. ಸಣ್ಣ ಊರಿನ ಪಬ್‌ಗಳಲ್ಲಿ ಒಂಬತ್ತರ ಹೊತ್ತಿಗೆ ಅಡುಗೆಮನೆ ಮುಚ್ಚಿಬಿಡುತ್ತದೆ. ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ ಸೀಳಿ, ಬೆಣ್ಣೆ, ಬೀನ್ಸ್ (ಟೊಮೆಟೊ ಸಾಸಿನಲ್ಲಿ ಬೇಯಿಸಿದ ಕಾಳು) ಹಾಕಿ ಕೊಟ್ಟದ್ದು ಅಮ್ಮನಿಗೆ ಹಿಡಿಸಿತು. ಅಪ್ಪ ಮೆಣಸಿನ ಪುಡಿ ಜಾಸ್ತಿ ಉದುರಿಸಿಕೊಂಡರು.

ಈಗ ತಿಂಡಿ. ಹಿಂದಿನ ರಾತ್ರಿಯೇ ರೂಮಿನಲ್ಲಿ ಒಂದು ಚೀಟಿ ಇತ್ತು. ಏನೇನು ಬೇಕು ಅಂತ ಗುರುತು ಹಾಕಿ, ಎಂಟರಿಂದ ಒಂಬತ್ತರೊಳಗೆ ಯಾವ ಹೊತ್ತಿಗೆ ಬರುತ್ತೀರಿ ಅಂತ ಬರೆದು ಕೆಳಗೆ ಇಟ್ಟುಬರಬೇಕು. ಎಂಟೂವರೆ ಅಂತ ಬರೆದೆವು, ಎಂಟೂವರೆಗೆ ಹೋದೆವು. ಊಟದ ಕೋಣೆಗೆ ಕಾಲಿಟ್ಟ ಕೂಡಲೇ ಬೇರೆ ಟೇಬಲ್‌ಗಳಲ್ಲಿದ್ದವರೆಲ್ಲ 'ಗುಡ್ ಮಾರ್ನಿಂಗ್' ಅಂದರು. ಇಲ್ಲಿ ಅದು ರೂಢಿ, ತಿರುಗಿ ಹೇಳಬೇಕು.

ಪೂರ್ತಿ ಇಂಗ್ಲಿಷ್ ತಿಂಡಿ ಅಂದರೆ ಬೇಕನ್ (ಉಪ್ಪು ಹಾಕಿದ ಹಂದಿಮಾಂಸ), ಸಾಸೇಜ್, ಮೊಟ್ಟೆ, ಬೀನ್ಸ್, ಟೊಮೆಟೊ, ಅಣಬೆ, ಟೋಸ್ಟ್. ಜೊತೆಗೆ ಕಪ್ಪು ಬಿಲ್ಲೆಯಂಥ ಬ್ಲ್ಯಾಕ್ ಪುಡಿಂಗ್, ಅದನ್ನು ಹಂದಿಯ ರಕ್ತದಿಂದ ಮಾಡುತ್ತಾರೆ. ಹೆಸರು ನೋಡಿ ಸಿಹಿ ಅಂದುಕೊಳ್ಳಬೇಡಿ. ಅಮ್ಮನ ತಟ್ಟೆ ಬೇರೆ ಬಣ್ಣದ್ದು, ನೀಲಿ ಅಂಚಿನದು. ಅದಲುಬದಲಾಗಬಾರದು ಅಂತ ಮನೆಯೊಡತಿಯೇ ಹಾಗೆ ಮಾಡಿದ್ದರು. ಅದರಲ್ಲಿ ಅರ್ಧಕ್ಕೆ ಕೊಯ್ದು ಸುಟ್ಟ ಟೊಮೆಟೊ, ಬೆಣ್ಣೆಯಲ್ಲಿ ಹುರಿದ ಅಂಗೈ ಅಗಲದ ಅಣಬೆ, ಬೀನ್ಸ್, ಹ್ಯಾಶ್ ಬ್ರೌನ್ ಅನ್ನುವ ಗರಿಗರಿಯಾದ ಆಲೂಗಡ್ಡೆ ಬಿಲ್ಲೆ, ಸೋಯಾ ಸಾಸೇಜ್. ಟೊಮೆಟೊ ಮೇಲೆ ಕರಿಮೆಣಸು, ಉಪ್ಪು ಆಗಲೇ ಬಿದ್ದಿತ್ತು. ಸಾಸೇಜ್ ಪ್ಯಾಕೆಟ್ಟನ್ನೂ ತಂದು ಟೇಬಲ್ ಮೇಲಿಟ್ಟು, "ನೀವೇ ಓದಿ ನೋಡಿ" ಅಂತ ನನಗೆ ಕೊಟ್ಟರು. ಓದಿ ಅಮ್ಮನಿಗೆ ಹೇಳಿದೆ. ಹಿಂದಿನ ದಿನ ದಾರಿಯುದ್ದಕ್ಕೂ ಬರೀ ಬಾಳೆಹಣ್ಣು ನೆಚ್ಚಿಕೊಂಡಿದ್ದ ಅಮ್ಮ ತಟ್ಟೆ ಖಾಲಿ ಮಾಡಿ, ಇನ್ನೊಂದು ಟೋಸ್ಟಿಗೆ ಮಾರ್ಮಲೇಡ್ ಸವರಿಕೊಂಡರು. ಆ ಮಾರ್ಮಲೇಡ್ ಮನೆಯಲ್ಲೇ ಮಾಡಿದ್ದು, ಕಹಿ ಕಿತ್ತಳೆಯದು. ಮಾಡುವ ವಿಧಾನ ಕೇಳಿ ಬರೆದುಕೊಂಡೂ ಆಯಿತು. ಕಂಚಿಕಾಯಿಯಲ್ಲಿ ಪ್ರಯತ್ನ ಮಾಡುತ್ತಾರಂತೆ.

ಅಪ್ಪನ ಕಾಫಿಗೆ ಗಾಜಿನ ಒತ್ತುವ ಪಾತ್ರೆಯಲ್ಲಿ ಗಟ್ಟಿ ಡಿಕಾಕ್ಷನ್ ಮಾಡಿಸಿ, ಹಾಲು ಬಿಸಿ ಮಾಡಿಕೊಡಿ ಅಂತ ಪ್ರತ್ಯೇಕವಾಗಿ ಹೇಳಿದೆ. ಹೇಳದಿದ್ದರೆ ತಣ್ಣನೆಯ ಹಾಲೇ ಬರುತ್ತದೆ.

ತಿಂಡಿ ಹೊತ್ತಿಗೆ ಸಿಗುವ ಮಾಹಿತಿ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ ಅನ್ನೋದು ನನ್ನ ಅನಿಸಿಕೆ. ನಾನು ಕ್ಯಾಟ್‌ಬೆಲ್ಸ್ ಗುಡ್ಡ ಹತ್ತೋಣ ಅಂದುಕೊಂಡಿದ್ದೆ. ಎತ್ತರ 451 ಮೀಟರ್, ಅಷ್ಟೇನಲ್ಲ. ಮನೆಯೊಡತಿ ಅಪ್ಪ ಕುರ್ಚಿಯಿಂದ ಏಳುವುದನ್ನು ನೋಡಿದ್ದರು. "ಕೊನೆಗೆ ಬಂಡೆ ಹಿಡಿದು ಹತ್ತಬೇಕು, ಇವರಿಗೆ ಬೇಡ" ಅಂದರು. ಬದಲಿಗೆ ಅವರು ಹೇಳಿದ್ದು ಡರ್ವೆಂಟ್‌ವಾಟರ್ ಸರೋವರದ ದಂಡೆಯಲ್ಲೇ ಫ್ರೈಯರ್ಸ್ ಕ್ರ್ಯಾಗ್ ಅನ್ನುವ ಬಂಡೆಯ ತುದಿಯವರೆಗೆ ಸಮತಟ್ಟಾದ ದಾರಿ, ಆಮೇಲೆ ಸರೋವರ ಸುತ್ತುವ ಲಾಂಚ್. ಒಂದು ಸುತ್ತಿಗೆ ಸುಮಾರು 50 ನಿಮಿಷ. ಹಾಗೇ ಮಾಡಿದೆವು. ಮಧ್ಯಾಹ್ನ ಟ್ಯಾಕ್ಸಿಯಲ್ಲಿ ಕಾಸಲ್‌ರಿಗ್‌ಗೆ ಹೋಗಿ, ಸುಮಾರು 5,000 ವರ್ಷ ಹಳೆಯ ಕಲ್ಲುಗಳ ವೃತ್ತದ ನಡುವೆ ನಿಂತೆವು. ಸುತ್ತಲೂ ಗುಡ್ಡ, ಟಿಕೆಟ್ ಇಲ್ಲ, ಬೇಲಿಯೊಳಗೆ ಕುರಿಗಳು ಮೇಯುತ್ತಿದ್ದವು.

ಮಳೆ ಬಂತು, ಬರಲೇಬೇಕಿತ್ತು. ಹತ್ತಿರದ ಬೊರೊಡೇಲ್ ಕಣಿವೆಯ ಸೀತ್‌ವೇಟ್, ಇಂಗ್ಲೆಂಡಿನ ಜನವಸತಿ ಇರುವ ಜಾಗಗಳಲ್ಲೇ ಅತಿ ಹೆಚ್ಚು ಮಳೆ ಬೀಳುವ ಹಳ್ಳಿ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು. ಅಪ್ಪ ತಕ್ಷಣ ಮನೆಯೊಡತಿಗೆ ಆಗುಂಬೆಯ ಲೆಕ್ಕ ಹೇಳಿದರು, ಇದರ ಎರಡರಷ್ಟು ಅಂತ. ಅವರು ನಂಬಲಿಲ್ಲ. ಫೋನಿನಲ್ಲಿ ಮಳೆಗಾಲದ ವಿಡಿಯೋ ತೋರಿಸಿದ ಮೇಲೆ ಗಂಡನನ್ನೂ ಕರೆದು ತೋರಿಸಿದರು. ಆ ಸೀತ್‌ವೇಟ್‌ನಲ್ಲೇ 1500ರ ದಶಕಗಳಲ್ಲಿ ಗ್ರಾಫೈಟ್ ಸಿಕ್ಕಿದ್ದು, ಅದರಿಂದಲೇ ಕೆಸಿಕ್‌ನಲ್ಲಿ ಪೆನ್ಸಿಲ್ ತಯಾರಿ ಬೆಳೆದದ್ದು. ಮಳೆಯಲ್ಲಿ ಹೋಗಲು ಪೆನ್ಸಿಲ್ ಮ್ಯೂಸಿಯಂ ಒಳ್ಳೆಯ ಜಾಗ. ಎರಡನೇ ಮಹಾಯುದ್ಧದಲ್ಲಿ ಒಳಗೆ ನಕ್ಷೆ, ದಿಕ್ಸೂಚಿ ಅಡಗಿಸಿ ಮಾಡಿದ ಪೆನ್ಸಿಲುಗಳ ಕಥೆಯನ್ನು, ಮೇಷ್ಟ್ರಾಗಿದ್ದ ಅಪ್ಪ ನಿಂತು ನಿಂತು ಓದಿದರು.

ಹೊರಡುವ ದಿನ ಹತ್ತು ಗಂಟೆಗೆ ರೂಮ್ ಬಿಟ್ಟೆವು. ಬಸ್ಸಿಗೆ ಹೊತ್ತಿತ್ತು, ಬ್ಯಾಗುಗಳನ್ನು ಮುಂಬಾಗಿಲ ಒಳಗೇ ಇಟ್ಟು ಹೋಗಿ ಅಂದರು. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಅಮ್ಮ ಒಂದು ಪೊಟ್ಟಣ ಏಲಕ್ಕಿ ಕೊಟ್ಟರು.

ಹೋಗುವವರು ತಿಂಗಳನ್ನೂ ಸ್ವಲ್ಪ ನೋಡಿಕೊಳ್ಳಿ. ಜುಲೈನಲ್ಲಿ ಕೆಸಿಕ್ ಕನ್ವೆನ್ಷನ್ ಅನ್ನುವ ಕ್ರೈಸ್ತರ ದೊಡ್ಡ ಸಮಾವೇಶ ನಡೆಯುತ್ತದೆ, 1875ರಲ್ಲಿ ಶುರುವಾದದ್ದು. ಆಗ ಊರು ತುಂಬಿರುತ್ತದೆ. ಆಗಸ್ಟ್‌ನಲ್ಲಿ ಶಾಲೆಗಳ ರಜೆ. ಚಳಿಗಾಲದಲ್ಲಿ ಎಷ್ಟೋ ಮನೆಯವರು ಕೆಲವು ವಾರ ಬಾಗಿಲು ಹಾಕಿ ತಾವೂ ವಿಶ್ರಾಂತಿ ಮಾಡುತ್ತಾರೆ. ಅತ್ತೆ-ಮಾವ ಮುಂದಿನ ವರ್ಷ ಬರುತ್ತಾರೆ. ಅವರಿಗೆ ಸೆಪ್ಟೆಂಬರ್ ಮೊದಲ ವಾರಕ್ಕೆ ಅದೇ ಮನೆಯ ನೆಲಮಹಡಿ ರೂಮನ್ನು ಈಗಲೇ ಕೇಳಿಟ್ಟಿದ್ದೇನೆ.