ಹರಿಕೇನ್ ತಿಂಗಳುಗಳಲ್ಲಿ ಜಾಹೀರಾತಿಗೂ ಒಂದು ಗಡುವು

ಫ್ಲೋರಿಡಾದ ಗಲ್ಫ್ ಕರಾವಳಿಯಲ್ಲಿ ಟಿವಿಗೆ ಹವಾಮಾನ ಹೇಳುವುದು ನನ್ನ ಕೆಲಸ. ಜೂನ್ 1ರಿಂದ ನವೆಂಬರ್ 30ರವರೆಗೆ, ಅಂದರೆ ಅಟ್ಲಾಂಟಿಕ್ ಹರಿಕೇನ್ ಋತು ಮುಗಿಯುವವರೆಗೆ, ಮುನ್ಸೂಚನೆಯ ಅಕ್ಕಪಕ್ಕ ಬರುವ ಜಾಹೀರಾತುಗಳನ್ನೂ ಓದಿ, ನೋಡಿ ಒಪ್ಪಿಗೆ ಕೊಡುತ್ತೇನೆ. ಜನರೇಟರ್, ಕಿಟಕಿ ಶಟರ್, ವಿಮೆ, ಚಾವಣಿ ರಿಪೇರಿ ಇತ್ಯಾದಿ. ನೋಡುವವರಿಗೆ ಎಲ್ಲವೂ ಒಂದೇ ಪರದೆಯ ಮಾತು. ಆದರೆ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಚಂಡಮಾರುತ ಎದ್ದಿರುವಾಗ ಆರು ಗಂಟೆಗೊಮ್ಮೆ ಹೊಸ ಅಡ್ವೈಸರಿ, ಅಂದರೆ ಅಧಿಕೃತ ಮುನ್ಸೂಚನೆ, ಕೊಡುತ್ತದೆ: ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11. ಜಾಹೀರಾತು ಮಾತ್ರ ವಾರಗಳ ಹಿಂದೆಯೇ ಬುಕ್ ಆಗಿ ಕೂತಿರುತ್ತದೆ. ಎಡವಟ್ಟೆಲ್ಲ ಹುಟ್ಟುವುದು ಈ ಅಂತರದಲ್ಲಿ.

ಹಾಗಾಗಿ ಋತು ಶುರುವಾಗುವ ಮೊದಲೇ ಪ್ರತಿ ಜಾಹೀರಾತಿಗೂ ಅದು ಯಾವ ಹಂತದವರೆಗೆ ಓಡಬಹುದು ಎಂದು ಚೀಟಿ ಅಂಟಿಸುತ್ತೇನೆ. ಏಳು ದಿನಗಳ ಮುನ್ನೋಟದಲ್ಲಿ ನಮ್ಮ ಕಡೆ ಏನೂ ಇಲ್ಲದಿದ್ದರೆ ಎಲ್ಲವೂ ಓಡಲಿ. ಐದು ದಿನದ ಕೋನ್ (ಚಂಡಮಾರುತದ ಕೇಂದ್ರ ಹೋಗಬಹುದಾದ ದಾರಿಯನ್ನು ತೋರಿಸುವ ಶಂಕುವಿನಾಕಾರದ ಚಿತ್ರ) ನಮ್ಮ ಯಾವುದಾದರೂ ಕೌಂಟಿಯನ್ನು ಮುಟ್ಟಿತೆಂದರೆ ತಮಾಷೆಯವು, ರಿಯಾಯಿತಿಯವು, ‘ಹರಿಕೇನ್ ಸೇಲ್’ ಎಂಬ ಹೆಸರಿನವು ಇಳಿಯುತ್ತವೆ. ‘ವಾಚ್’ ಎಂಬ ಮೊದಲ ಎಚ್ಚರಿಕೆ ಬಂದಾಗ, ಅಂದರೆ ಬಿರುಗಾಳಿಯ ವೇಗದ ಗಾಳಿಗೆ ಸುಮಾರು 48 ಗಂಟೆ ಮೊದಲು, ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿದೆ, ಏನು ದಾಸ್ತಾನಿದೆ ಎನ್ನುವಂಥವು ಮಾತ್ರ ಉಳಿಯುತ್ತವೆ. 36 ಗಂಟೆಯ ವಾರ್ನಿಂಗ್ ಬಂದ ಮೇಲೆ ಏನೂ ಬೇಡ.

ಟಿವಿಯಲ್ಲಿ ಇದು ಸುಲಭ. ಕೈಕೊಡುವುದು ಮೊಬೈಲ್ ಆ್ಯಪ್. ಅಲ್ಲಿನ ವಿಡಿಯೊಗೆ ಮೊದಲು ಬರುವ ಜಾಹೀರಾತು ಬೇರೆಯದೇ ಸರ್ವರ್‌ನಿಂದ ಬರುತ್ತದೆ. ಪ್ರಸಾರದ ಕೋಣೆಯಲ್ಲಿ ಎಲ್ಲ ತೆಗೆದರೂ, ಊರು ಬಿಡಿ ಎನ್ನುವ ವಿಡಿಯೊ ಒತ್ತಿದವರಿಗೆ ಮೊದಲು 30 ಸೆಕೆಂಡು ಕ್ರೂಸ್ ಹಡಗಿನ ಪ್ರವಾಸ ಕಾಣಿಸುತ್ತದೆ! ಅದನ್ನು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ, ರಾತ್ರಿ ಪಾಳಿಯಲ್ಲಿ ಯಾರಿಗೆ ಫೋನ್ ಮಾಡಬೇಕು ಎನ್ನುವುದು ಮೇ ತಿಂಗಳಲ್ಲೇ ಗೋಡೆಯ ಮೇಲೆ ಬರೆದಿರಬೇಕು.

ಕೋನ್ ಚಿತ್ರವನ್ನು ಜಾಹೀರಾತಿನ ಹಿನ್ನೆಲೆಗೆ ಕೊಡುವುದೇ ಇಲ್ಲ. ಹಿಂದಿನ ಐದು ವರ್ಷಗಳ ಮುನ್ಸೂಚನೆಗಳ ತಪ್ಪಿನ ಲೆಕ್ಕದ ಮೇಲೆ ಬರೆದ ಚಿತ್ರ ಅದು. ಚಂಡಮಾರುತದ ಕೇಂದ್ರ ಸುಮಾರು ಮೂರರಲ್ಲಿ ಎರಡು ಸಲ ಅದರೊಳಗೆ ಇರುತ್ತದೆ ಎಂದಷ್ಟೇ ಅದರ ಮಾತು. ಗಾಳಿ, ಮಳೆ, ಕಡಲ ನೀರು ಎಷ್ಟು ದೂರ ಬರುತ್ತವೆ ಎಂದು ಅದು ಹೇಳುವುದಿಲ್ಲ. 2004ರ ಆಗಸ್ಟ್‌ನಲ್ಲಿ ಜನ ಕೋನ್‌ನ ನಡುಗೆರೆಯನ್ನೇ ನಂಬಿ ಚಾರ್ಲಿ ಚಂಡಮಾರುತ ಟ್ಯಾಂಪಾಗೆ ಬರುತ್ತದೆಂದು ಕಾದರು. ಅದು ಪಂಟಾ ಗೋರ್ಡಾದ ಕಡೆ ತಿರುಗಿತು. ಹಳೆಯ ಕೋನ್ ಒಂದು ಶಟರ್ ಕಂಪನಿಯ ಫೋನ್ ನಂಬರಿನ ಹಿಂದೆ ಎರಡು ದಿನ ಓಡಿದರೆ ಅದು ಸುಳ್ಳು ಮುನ್ಸೂಚನೆಯೇ.

ಶಟರ್ ಜಾಹೀರಾತಿನ ‘ಕೆಟಗರಿ 3 ತಡೆಯುತ್ತದೆ’ ಎಂಬ ಸಾಲನ್ನೂ ಹೊಡೆದುಹಾಕುತ್ತೇನೆ. ಚಂಡಮಾರುತಕ್ಕೆ ಕೊಡುವ 1ರಿಂದ 5ರವರೆಗಿನ ಕೆಟಗರಿ ಅಳೆಯುವುದು ಗಾಳಿಯ ವೇಗವನ್ನು ಮಾತ್ರ. ಮೂರನೆಯದಕ್ಕೆ ಗಂಟೆಗೆ 111ರಿಂದ 129 ಮೈಲಿ. ಕಡಲ ಉಬ್ಬರ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಜೀವ ತೆಗೆಯುವುದು ಮಾತ್ರ ಹೆಚ್ಚಾಗಿ ನೀರೇ. ಅದರ ಬದಲು ಆ ಶಟರಿಗೆ ಸಿಕ್ಕ ಅನುಮೋದನೆಯ ಸಂಖ್ಯೆ ಹಾಕಿ ಎನ್ನುತ್ತೇನೆ. ಬೇಕಾದವರು ತೆಗೆದು ನೋಡಬಹುದು.

ಜನರೇಟರ್ ಜಾಹೀರಾತಿನಲ್ಲಿ ಮಾತಿಗಿಂತ ಚಿತ್ರ ಮುಖ್ಯ. ಗ್ಯಾರೇಜಿನಲ್ಲೋ ಜಗಲಿಯಲ್ಲೋ ಇಟ್ಟಂತೆ ತೋರಿಸಿದರೆ ವಾಪಸ್. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿಯ ಕಡೆ ಬರಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸಿದ ದೃಶ್ಯಕ್ಕೂ ಇದೇ ಗತಿ: ಟೇಪಿನಿಂದ ಗಾಜು ಗಟ್ಟಿಯಾಗುವುದಿಲ್ಲ, ಒಡೆದಾಗ ಚೂರುಗಳು ದೊಡ್ಡವಾಗಿ ಹಾರುತ್ತವೆ.

ಪ್ರವಾಹ ವಿಮೆಗೆ ದಿನದ ಲೆಕ್ಕವೇ ಬೇರೆ. ಸರ್ಕಾರಿ ಯೋಜನೆಯ ಪಾಲಿಸಿ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವೇ ಜಾರಿಗೆ ಬರುತ್ತದೆ. ಋತುವಿನ ತುತ್ತತುದಿ ಸೆಪ್ಟೆಂಬರ್ 10. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಆಗಸ್ಟ್ 11. ಆ ದಿನ ದಾಟಿದ ಮೇಲೆ ‘ಇಂದೇ ಕೊಳ್ಳಿ, ನಿಶ್ಚಿಂತೆಯಾಗಿರಿ’ ಎನ್ನುವಂತಿಲ್ಲ. 30 ದಿನದ ಮಾತು ಫೋನ್ ನಂಬರಿನಷ್ಟೇ ದಪ್ಪಕ್ಷರದಲ್ಲಿ ಇರಬೇಕು. ಇಲ್ಲಿನ ಕನ್ನಡದವರು ಗಣೇಶನ ಹಬ್ಬಕ್ಕೆ ಸಭಾಂಗಣ ಹುಡುಕುವುದೂ ಇದೇ ದಿನಗಳಲ್ಲಿ. 2021ರಲ್ಲಿ ಚೌತಿ ಸೆಪ್ಟೆಂಬರ್ 10ಕ್ಕೇ ಬಿದ್ದಿತ್ತು. ಹಬ್ಬದ ಪೋಸ್ಟರ್‌ಗೆ ಪ್ರಾಯೋಜಕರ ಹೆಸರು ಹಾಕುವಾಗ ‘ವಾಚ್ ಬಂದರೆ ಕಾರ್ಯಕ್ರಮ ಮುಂದಕ್ಕೆ’ ಎಂದೂ ಒಂದು ಸಾಲು ಸೇರಿಸಿ.

‘ಈ ವರ್ಷ ಋತು ಸಪ್ಪೆಯಂತೆ’ ಎಂದು ಕಡಲತೀರದ ಹೋಟೆಲುಗಳು ಬರೆದು ಕಳಿಸುತ್ತವೆ. 1992 ಸಪ್ಪೆ ವರ್ಷವೇ. ಆ ವರ್ಷ ಹೆಸರು ಪಡೆದ ಮೊದಲ ಚಂಡಮಾರುತ ಹುಟ್ಟಿದ್ದು ಆಗಸ್ಟ್ ನಡುವಿನಲ್ಲಿ. ಅದೇ ಆ್ಯಂಡ್ರ್ಯೂ, ಹೋಮ್‌ಸ್ಟೆಡ್ ಊರನ್ನು ಪುಡಿಗಟ್ಟಿದ ಕೆಟಗರಿ 5.

ಇನ್ನು ಶಬ್ದ. ತುರ್ತು ಎಚ್ಚರಿಕೆಯ ಆ ಕರ್ಕಶ ಸದ್ದು, ಅದರ ನಕಲು ಕೂಡ, ಜಾಹೀರಾತಿನಲ್ಲಿ ಕಾನೂನುಬಾಹಿರ. ಆ ಸದ್ದಿನೊಳಗೆ ಸಂಕೇತಗಳಿವೆ. ಬೇರೆ ಕೇಂದ್ರಗಳ ಯಂತ್ರಗಳು ಅದನ್ನು ನಿಜವೆಂದು ತಿಳಿದು ಮುಂದಕ್ಕೆ ಹರಡಬಹುದು. ಒಂದು ಚಿತ್ರದ ಟ್ರೇಲರ್‌ನಲ್ಲಿ ಅದನ್ನು ಬಳಸಿದ್ದಕ್ಕೆ 2014ರಲ್ಲಿ ಕೇಬಲ್ ಸಂಸ್ಥೆಗಳ ಮೇಲೆ ಒಟ್ಟು 19 ಲಕ್ಷ ಡಾಲರ್ ದಂಡದ ಪ್ರಸ್ತಾಪವಾಯಿತು.

ಹೆದರಿಸಿ ಮಾರುವ ಅಗತ್ಯವೇ ಇಲ್ಲ ಎನ್ನುವುದು ನನ್ನ ಎಣಿಕೆ. 2004ರಲ್ಲಿ ವಾಲ್‌ಮಾರ್ಟ್ ತನ್ನ ಲೆಕ್ಕ ತೆಗೆದು ನೋಡಿದಾಗ, ಚಂಡಮಾರುತಕ್ಕೆ ಮುಂಚೆ ಸ್ಟ್ರಾಬೆರಿ ಪಾಪ್-ಟಾರ್ಟ್ಸ್ ಎಂಬ ಸಿಹಿ ತಿಂಡಿ ಏಳು ಪಟ್ಟು ಮಾರಾಟವಾಗುತ್ತಿತ್ತಂತೆ, ಎಲ್ಲಕ್ಕಿಂತ ಮುಂದೆ ಬಿಯರ್. ಜನ ಹೇಗೂ ಕೊಳ್ಳುತ್ತಾರೆ. ಬೇಸರ ಬರುವುದು 2012ರ ಸ್ಯಾಂಡಿ ಚಂಡಮಾರುತದ ಹೊತ್ತಿನಂಥ ಮಾತಿಗೆ: ಬಟ್ಟೆ ಕಂಪನಿ ಅಮೆರಿಕನ್ ಅಪ್ಯಾರಲ್ ‘ಬಿರುಗಾಳಿಯಲ್ಲಿ ಬೇಜಾರಾದರೆ’ ಎಂದು ಶೇ 20 ರಿಯಾಯಿತಿಯ ಇ-ಮೇಲ್ ಕಳಿಸಿ ಉಗಿಸಿಕೊಂಡಿತು.

ಗಾಳಿ ನಿಂತ ಮೇಲೆ ಚಾವಣಿಯವರ ಸಾಲು ಶುರುವಾಗುತ್ತದೆ. ಫ್ಲೋರಿಡಾದಲ್ಲಿ ಗುತ್ತಿಗೆದಾರರ ಜಾಹೀರಾತಿನಲ್ಲಿ ಲೈಸೆನ್ಸ್ ಸಂಖ್ಯೆ ಕಡ್ಡಾಯ. ಅದಿಲ್ಲದ ಟೇಪನ್ನು ಕೊನೆಯವರೆಗೆ ನೋಡುವುದೂ ಇಲ್ಲ. ‘ವಿಮೆಯ ಡಿಡಕ್ಟಿಬಲ್ (ಮನೆಯವರೇ ಕೈಯಿಂದ ಕೊಡಬೇಕಾದ ಪಾಲು) ನಾವೇ ನೋಡಿಕೊಳ್ಳುತ್ತೇವೆ’ ಎನ್ನುವಂತಿಲ್ಲ. ಟಾರ್ಪಾಲು, ಪ್ಲೈವುಡ್‌ಗೆ ಬೆಲೆ ಹಾಕಿದ್ದರೆ ತುರ್ತು ಪರಿಸ್ಥಿತಿ ಘೋಷಣೆಗೆ ಹಿಂದಿನ 30 ದಿನಗಳ ಬೆಲೆಪಟ್ಟಿಯನ್ನೂ ಕೇಳಿ ತರಿಸುತ್ತೇನೆ, ಏಕೆಂದರೆ ಸುಲಿಗೆ ಬೆಲೆಯ ಕಾನೂನು ಹೋಲಿಸುವುದು ಆ ಸರಾಸರಿಗೆ. ಪಟ್ಟಿ ಕಳಿಸದವರ ಜಾಹೀರಾತು ಬೆಲೆಯಿಲ್ಲದೆ ಓಡುತ್ತದೆ.