ಮೂರೂವರೆಗೆ ಕತ್ತಲಾಗುವ ಊರಲ್ಲಿ ಓಟ, ಸೈಕಲ್, ನಕ್ಷೆ

ಸ್ಟಾಕ್‌ಹೋಮ್‌ನಲ್ಲಿ ಹೊರಗೆ ಓಡುವವರಿಗೆ ಚಳಿ ದೊಡ್ಡ ತೊಂದರೆ ಅಲ್ಲ. ಬಟ್ಟೆ ಹಾಕಿಕೊಂಡರೆ ಮುಗಿಯಿತು. ತೊಂದರೆ ಬೆಳಕಿನದು. ಸೆಪ್ಟೆಂಬರ್ ಮೊದಲ ವಾರ ಸಂಜೆ ಏಳೂವರೆಯವರೆಗೆ ಸೂರ್ಯ ಇರುತ್ತಾನೆ. ಅಲ್ಲಿಂದ ದಿನಕ್ಕೆ ಐದಾರು ನಿಮಿಷದಂತೆ ಹಗಲು ಕರಗುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಶನಿವಾರ ಐದರ ಮೇಲೆ ಮುಳುಗಿದ ಸೂರ್ಯ ಭಾನುವಾರ ನಾಲ್ಕರ ಸುಮಾರಿಗೇ ಹೊರಟುಬಿಡುತ್ತಾನೆ. ನವೆಂಬರ್ ಮಧ್ಯದಲ್ಲಿ ಮೂರೂ ಇಪ್ಪತ್ತಕ್ಕೇ ಸೂರ್ಯಾಸ್ತ. ಆಫೀಸಿನ ಕಿಟಕಿಯಲ್ಲಿ ಕತ್ತಲು ಕಂಡಾಗ ಇನ್ನೂ ಒಂದು ಮೀಟಿಂಗ್ ಬಾಕಿ ಇರುತ್ತದೆ.

ನಾನು ತೀರ್ಥಹಳ್ಳಿ ಕಡೆಯವನು. ಈಗ ಸ್ಟಾಕ್‌ಹೋಮ್‌ನ ದಕ್ಷಿಣಕ್ಕಿರುವ ಸ್ಕಾರ್ಪ್‌ನೆಕ್‌ನಲ್ಲಿ ಮನೆ, ನಗರದ ನಡುವೆ ಕೆಲಸ. ಹೋಗಿಬರುವುದು ಸೈಕಲ್‌ನಲ್ಲಿ. ವಾರದ ಹೆಚ್ಚಿನ ದಿನ ಓಡುತ್ತೇನೆ. ವಾರಕ್ಕೊಮ್ಮೆಯಾದರೂ ನಕ್ಷೆ ಹಿಡಿದು ಕಾಡಿಗೆ ಇಳಿಯುತ್ತೇನೆ, ಅಂದರೆ ಓರಿಯಂಟೀರಿಂಗ್. ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಕೇಳುವ ಪ್ರಶ್ನೆ ಒಂದೇ: ಈ ಕತ್ತಲಲ್ಲಿ ದಿನಾ ಹೊರಗೆ ಹೋಗುವುದು ಹೇಗೆ? ಮನಸ್ಸು ಗಟ್ಟಿ ಮಾಡಿಕೊಂಡು ಅಂತೂ ಅಲ್ಲ. ನಾನು ಮಾಡುವುದು ಹಂಚಿಕೆ ಮಾತ್ರ. ಸೂರ್ಯ ಇರುವ ಹೊತ್ತು ಕಾಡಿಗೆ. ಕಂಬದ ದೀಪ ಇರುವ ಜಾಗ ಓಟಕ್ಕೆ. ಉಳಿದ ಕತ್ತಲೆಲ್ಲ ಸೈಕಲ್‌ಗೆ, ಯಾಕೆಂದರೆ ಅದು ತನ್ನ ದೀಪ ತಾನೇ ಹೊತ್ತುಕೊಂಡು ಹೋಗುತ್ತದೆ.

ಸೈಕಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕತ್ತಲಲ್ಲಿ ಮುಂದೆ ಬಿಳಿ ಅಥವಾ ಹಳದಿ ದೀಪ, ಹಿಂದೆ ಕೆಂಪು ದೀಪ, ಜೊತೆಗೆ ರಿಫ್ಲೆಕ್ಟರ್ ಇರಲೇಬೇಕು, ಇಲ್ಲಿನ ಕಾನೂನು ಅದು. ಮಿನುಗುವ ಸಣ್ಣ ದೀಪ ಬೇರೆಯವರಿಗೆ ನಾವು ಕಾಣಲು ಸಾಕು, ನಮಗೆ ದಾರಿ ಕಾಣಲು ಸಾಲದು. ಅಕ್ಟೋಬರ್‌ನಲ್ಲಿ ಅಪಾಯ ಹಿಮದಿಂದಲ್ಲ, ಎಲೆಯಿಂದ. ಮೇಪಲ್ ಎಲೆಗಳು ಸೈಕಲ್ ದಾರಿಯ ಮೇಲೆ ಒದ್ದೆಯಾಗಿ ಅಂಟಿಕೊಂಡಿರುತ್ತವೆ. ಅವುಗಳ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು. ತಿರುವಿಗೆ ಮೊದಲೇ ವೇಗ ಇಳಿಸಿ ಸುಮ್ನೆ ಉರುಳಿಕೊಂಡು ಹೋಗಬೇಕು. ಆಮೇಲೆ ಇಬ್ಬನಿ ಹೆಪ್ಪುಗಟ್ಟುವ ಬೆಳಗುಗಳು ಬರುತ್ತವೆ. ಮೊದಲು ಜಾರುವುದು ಸೇತುವೆ, ಯಾಕೆಂದರೆ ಅದಕ್ಕೆ ಕೆಳಗಿನಿಂದಲೂ ತಣ್ಣನೆ ಗಾಳಿ ತಾಗುತ್ತದೆ. ಸ್ಕಾನ್‌ಸ್ಟುಲ್ ಸೇತುವೆ ದಿನಾ ದಾಟುವ ನನಗೆ ಅದೇ ಥರ್ಮಾಮೀಟರ್. ಅದರ ಮೇಲೆ ಹೊಳಪು ಕಂಡ ವಾರವೇ ಜಾರದಂತೆ ಲೋಹದ ಮುಳ್ಳು ಕೂರಿಸಿದ ಟೈರ್ ಹಾಕುತ್ತೇನೆ. ಕಾರುಗಳಿಗೆ ಇಂಥ ಟೈರ್ ಹಾಕಲು ಅಕ್ಟೋಬರ್ 1ರವರೆಗೆ ಸಾಮಾನ್ಯವಾಗಿ ಕಾಯಬೇಕು, ಸೈಕಲ್‌ಗೆ ಆ ಕಟ್ಟುಪಾಡಿಲ್ಲ. ಡಾಂಬರಿನ ಮೇಲೆ ಕರಕರ ಸದ್ದು ಮಾಡುತ್ತವೆ, ಸ್ವಲ್ಪ ಭಾರ ಕೂಡ. ಪರವಾಗಿಲ್ಲ. ನಗರದ ಮುಖ್ಯ ಸೈಕಲ್ ದಾರಿಗಳನ್ನು ಬ್ರಷ್‌ನಿಂದ ಗುಡಿಸಿ ಉಪ್ಪುನೀರು ಹಾಕುತ್ತಾರೆ. ಒಳ್ಳೆಯ ವ್ಯವಸ್ಥೆಯೇ, ಆದರೆ ಚೈನ್ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡದಿದ್ದರೆ ವಸಂತಕ್ಕೆ ಹೊಸ ಚೈನ್ ಖಂಡಿತ.

ಓಟಕ್ಕೆ ಸ್ವೀಡನ್‌ನಲ್ಲಿ ದೊಡ್ಡ ಅನುಕೂಲ ಒಂದಿದೆ. ಸಣ್ಣ ಊರಲ್ಲೂ ಕಾಡಿನೊಳಗೆ ಕಂಬ ನೆಟ್ಟು ದೀಪ ಹಾಕಿದ ಓಟದ ದಾರಿ ಇರುತ್ತದೆ. ಸಾಮಾನ್ಯವಾಗಿ ಎರಡೂವರೆ ಅಥವಾ ಐದು ಕಿಲೋಮೀಟರ್ ಸುತ್ತು. ಹಿಮ ಬಿದ್ದಾಗ ಅದೇ ದಾರಿಯಲ್ಲಿ ಸ್ಕೀ ಮಾಡುತ್ತಾರೆ. ನನಗೆ ಹತ್ತಿರದ್ದು ನಕ್ಕಾ ಕಾಡು. ಅಲ್ಲಿ ಶೆಲ್‌ಟೋರ್ಪ್ ಕೆರೆಯ ಪಕ್ಕ ಹೆಲ್ಲಾಸ್‌ಗೋರ್ಡೆನ್ ಎಂಬ ಜಾಗವಿದೆ. ಓಡುವವರು, ಸೌನಾಕ್ಕೆ, ಅಂದರೆ ಬಿಸಿ ಕೋಣೆಯಲ್ಲಿ ಕೂತು ಬೆವರಲು ಬರುವವರು, ಸೌನಾದಿಂದ ಎದ್ದು ನೇರ ಕೆರೆಗೆ ಧುಮುಕುವವರು ಎಲ್ಲ ಸೇರುವ ತಾಣ. ಧುಮುಕುವವರ ಗುಂಪಿಗೆ ನಾನಿನ್ನೂ ಸೇರಿಲ್ಲ, ಸೇರುವ ಅವಸರವೂ ಇಲ್ಲ. ರಾತ್ರಿ ಒಂದು ಹೊತ್ತಿಗೆ ಈ ದಾರಿಗಳ ದೀಪ ಆರಿಸುತ್ತಾರೆ. ಎಷ್ಟು ಗಂಟೆಗೆ ಅಂತ ಮೊದಲೇ ತಿಳಿದುಕೊಂಡಿರಿ.

ಶರತ್ಕಾಲದಲ್ಲಿ ನಾನು ಗಡಿಯಾರ ನೋಡಿ ಓಡುವುದನ್ನು ಬಿಡುತ್ತೇನೆ. ನೆಲ ಒದ್ದೆ, ಬೇರು ಜಾರುತ್ತದೆ, ಎಲೆಯ ಕೆಳಗೆ ಕಲ್ಲಿದೆಯೋ ಗುಂಡಿಯಿದೆಯೋ ಗೊತ್ತಾಗುವುದಿಲ್ಲ. ಬೇಸಿಗೆಯ ವೇಗವನ್ನೇ ಹಿಡಿದು ಹೊರಟರೆ ಪಾದ ಮಡಚುತ್ತದೆ. ಹೆಜ್ಜೆ ಚಿಕ್ಕದು ಮಾಡಿ, ಮೊಣಕಾಲು ಸ್ವಲ್ಪ ಮೇಲೆತ್ತಿ ಓಡಿದರೆ ಸಾಕು. ಬಟ್ಟೆ ವಿಷಯದಲ್ಲಿ ನನ್ನ ಲೆಕ್ಕ ಹೀಗೆ: ಮನೆ ಬಾಗಿಲಲ್ಲಿ ಸ್ವಲ್ಪ ಚಳಿ ಅನ್ನಿಸಬೇಕು. ಅಲ್ಲೇ ಬೆಚ್ಚಗಿದ್ದರೆ ಎರಡನೇ ಕಿಲೋಮೀಟರ್‌ಗೆ ಬೆವರು, ಆಮೇಲೆ ಆ ಬೆವರೇ ಚಳಿ. ಮೈಗೆ ತಾಗುವ ಪದರ ಹತ್ತಿಯದ್ದಾಗಿರಬಾರದು, ತೆಳು ಉಣ್ಣೆಯದ್ದಾದರೆ ಒಳ್ಳೆಯದು. ಕೈಗವಸು ಮರೆತರೂ ನಡೆಯುತ್ತದೆ, ಒಣ ಕಾಲುಚೀಲ ಮರೆತರೆ ನಡೆಯುವುದಿಲ್ಲ.

ಇನ್ನು ಓರಿಯಂಟೀರಿಂಗ್. ಈ ಆಟ ಹುಟ್ಟಿದ್ದೇ ಈ ಕಡೆ. ಮೊದಲ ಸಾರ್ವಜನಿಕ ಸ್ಪರ್ಧೆ 1897ರಲ್ಲಿ ನಾರ್ವೆಯಲ್ಲಿ ನಡೆಯಿತು. ಸ್ಕೌಟ್ ನಾಯಕರಾಗಿದ್ದ ಎರ್ನ್ಸ್ಟ್ ಕಿಲಾಂಡರ್ 1919ರಲ್ಲಿ ಸ್ಟಾಕ್‌ಹೋಮ್‌ನ ದಕ್ಷಿಣಕ್ಕೆ ಏರ್ಪಡಿಸಿದ ಸ್ಪರ್ಧೆಯಿಂದ ಅದು ಸ್ವೀಡನ್ನಿನಲ್ಲಿ ಜನರ ಆಟವಾಯಿತು. ನಾನು ಕಲಿತದ್ದೂ ಅದೇ ದಿಕ್ಕಿನ ಕಾಡುಗಳಲ್ಲಿ. ಕೈಗೆ ಒಂದು ನಕ್ಷೆ ಕೊಡುತ್ತಾರೆ. ತ್ರಿಕೋನ ಇರುವ ಕಡೆ ಆರಂಭ, ಜೋಡಿ ವೃತ್ತ ಇರುವ ಕಡೆ ಮುಕ್ತಾಯ. ನಡುವಿನ ಒಂಟಿ ವೃತ್ತಗಳು ಕಂಟ್ರೋಲ್‌ಗಳು. ಕಾಡಲ್ಲಿ ಅಲ್ಲಿ ಬಿಳಿ-ಕಿತ್ತಳೆ ಬಣ್ಣದ ಬಟ್ಟೆ ತೂಗುತ್ತಿರುತ್ತದೆ. ಬೆರಳಿಗೆ ಕಟ್ಟಿಕೊಂಡ ಎಲೆಕ್ಟ್ರಾನಿಕ್ ಕಡ್ಡಿಯನ್ನು ಅಲ್ಲಿನ ಪೆಟ್ಟಿಗೆಗೆ ತೂರಿಸಿದರೆ ಕೀಂ ಅನ್ನುತ್ತದೆ, ಸಮಯ ದಾಖಲಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಯಾವ ದಾರಿ ಅನ್ನುವುದು ನಮಗೇ ಬಿಟ್ಟದ್ದು.

ನಮ್ಮವರಿಗೆ ಮೊದಲು ಗೊಂದಲವಾಗುವುದು ಬಣ್ಣದಲ್ಲಿ. ಹಸಿರು ಅಂದರೆ ಕಾಡು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಆರಾಮಾಗಿ ಓಡಬಹುದಾದ ಕಾಡು ಬಿಳಿ. ಹಸಿರು ಗಾಢವಾದಷ್ಟೂ ಪೊದೆ ದಟ್ಟ, ಓಡಲು ಕಷ್ಟ. ಹಳದಿ ಬಯಲು, ನೀಲಿ ನೀರು ಮತ್ತು ಜೌಗು, ಕಪ್ಪು ಕಲ್ಲುಬಂಡೆ ಮತ್ತು ಕಾಲುದಾರಿ. ಕಂದು ಬಣ್ಣದ್ದು ಕಂಟೂರ್ ಗೆರೆ, ಸಾಮಾನ್ಯವಾಗಿ ಐದು ಮೀಟರ್ ಎತ್ತರಕ್ಕೊಂದು. ಶಾಲೆಯ ಭೂಗೋಳದಲ್ಲಿ ಈ ಗೆರೆ ನನಗೆ ತಲೆಗೆ ಹತ್ತಿರಲಿಲ್ಲ. ಇಲ್ಲಿ ಬಂದು ನಮ್ಮ ಮನೆ ಹಿಂದಿನ ಗದ್ದೆಗಳನ್ನು ನೆನೆಸಿಕೊಂಡೆ. ಗುಡ್ಡದ ಸೆರಗಲ್ಲಿ ಮೆಟ್ಟಿಲಾಗಿ ಇಳಿಯುವ ಗದ್ದೆಯ ಬದುಗಳನ್ನು ಮೇಲಿಂದ ನೋಡಿದರೆ ಅವೇ ಕಂಟೂರ್. ಬದುಗಳು ಹತ್ತಿರ ಇದ್ದರೆ ಇಳಿಜಾರು ಕಡಿದು, ದೂರ ಇದ್ದರೆ ಜಾಗ ಸಪಾಟು. ಅಲ್ಲಿಂದ ಮುಂದೆ ನಕ್ಷೆ ಚಪ್ಪಟೆಯಾಗಿ ಕಾಣಲೇ ಇಲ್ಲ.

ಶರತ್ಕಾಲಕ್ಕೆ ಈ ಗೆರೆಗಳೇ ಗತಿ. ಬರ್ಚ್ ಎಲೆ ಉದುರಿದ ಮೇಲೆ ಸಣ್ಣ ಕಾಲುದಾರಿ ಮುಚ್ಚಿಹೋಗುತ್ತದೆ. ನಕ್ಷೆಯಲ್ಲಿದೆ, ನೆಲದಲ್ಲಿ ಇಲ್ಲ. ಮಳೆ ಬಂದರೆ ಜೌಗಿನ ಅಂಚು ನಕ್ಷೆಯ ನೀಲಿಯನ್ನು ದಾಟಿ ಹರಡಿಕೊಳ್ಳುತ್ತದೆ. ಗುಡ್ಡ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಕಡೆ ಲಾಭವೂ ಇದೆ. ಆಗಸ್ಟ್‌ನಲ್ಲಿ ಸೊಂಟದ ಮೇಲೆ ಬೆಳೆದು ಬಂಡೆಗಳನ್ನೆಲ್ಲ ಮರೆಮಾಡುವ ಜರಿಗಿಡಗಳು ಮೊದಲ ಮಂಜಿಗೆ ಕಂದಾಗಿ ಮಲಗಿಬಿಡುತ್ತವೆ. ಕಾಡು ತೆರೆದುಕೊಳ್ಳುತ್ತದೆ. ನೂರು ಮೀಟರ್ ಆಚೆಯ ಬಂಡೆ ಕಾಣುತ್ತದೆ. ಕಲಿಯುವವರಿಗೆ ಅಕ್ಟೋಬರ್‌ಗಿಂತ ಒಳ್ಳೆಯ ತಿಂಗಳಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಓರಿಯಂಟೀರಿಂಗ್ ಕ್ಲಬ್ಬಿನ ಹಿರಿಯರು ಮೇ ತಿಂಗಳು ಅನ್ನುತ್ತಾರೆ. ಅವರಿಗೆ ಕತ್ತಲಾಗುವ ಮೊದಲು ಮನೆ ಸೇರುವ ಆಸೆ ಇರಬೇಕು.

ನಾನು ಓಡುವ ರೀತಿ ಹೇಳುತ್ತೇನೆ. ನಕ್ಷೆಯನ್ನು ಮಡಚಿ, ನಾನಿರುವ ಜಾಗದ ಮೇಲೆ ಹೆಬ್ಬೆರಳು ಇಡುತ್ತೇನೆ. ಮುಂದೆ ಹೋದಂತೆ ಹೆಬ್ಬೆರಳೂ ಮುಂದೆ. ತಿರುಗಿದಾಗೆಲ್ಲ ನಕ್ಷೆಯ ಉತ್ತರವನ್ನು ದಿಕ್ಸೂಚಿಯ ಉತ್ತರಕ್ಕೆ ಹೊಂದಿಸುತ್ತೇನೆ. ಕಂಟ್ರೋಲ್‌ಗೆ ನೇರ ಗುರಿ ಇಡುವುದಿಲ್ಲ. ಅದರ ಹತ್ತಿರ ತಪ್ಪಿಸಿಕೊಳ್ಳಲಾಗದ ಒಂದು ಗುರುತು ಹುಡುಕುತ್ತೇನೆ: ದಾರಿ ಕೂಡುವ ಜಾಗ, ದೊಡ್ಡ ಬಂಡೆ, ಜೌಗಿನ ಮೂಲೆ. ಅಲ್ಲಿಯವರೆಗೆ ಜೋರಾಗಿ ಓಟ. ಅಲ್ಲಿಂದ ಕೊನೆಯ ನೂರು ಮೀಟರ್ ನಿಧಾನ, ದಿಕ್ಸೂಚಿ ನೋಡುತ್ತಾ, ಹೆಜ್ಜೆ ಎಣಿಸುತ್ತಾ. ದಾರಿಯಲ್ಲಿ ನನಗೆ ನೂರು ಮೀಟರ್‌ಗೆ ಸುಮಾರು 40 ಜೋಡಿ ಹೆಜ್ಜೆ ಬೇಕು, ಕಾಡಲ್ಲಿ 50ರ ಹತ್ತಿರ. ನಿಮ್ಮ ಲೆಕ್ಕ ಬೇರೆ ಇರುತ್ತದೆ, ಮೈದಾನದಲ್ಲಿ ಒಮ್ಮೆ ಅಳೆದುಕೊಳ್ಳಿ. ಕಂಟ್ರೋಲ್ ದಾಟಿ ಹೋದರೆ ಎಲ್ಲಿ ನಿಲ್ಲಬೇಕು ಅನ್ನುವುದೂ ಮೊದಲೇ ತೀರ್ಮಾನವಾಗಿರಬೇಕು: ಆಚೆಗೊಂದು ತೊರೆ, ರಸ್ತೆ, ಏನಾದರೂ.

ಉದ್ದ ಪ್ಯಾಂಟು, ಉದ್ದ ಕಾಲುಚೀಲ ಹಾಕಿಕೊಂಡು ಓಡುವ ಪದ್ಧತಿಗೆ ಇಲ್ಲಿ ಒಂದು ಹಳೆಯ ಕಾರಣವಿದೆ. 1950ರ ದಶಕದ ಕೊನೆ, 60ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಓರಿಯಂಟೀರಿಂಗ್ ಓಟಗಾರರಲ್ಲಿ ಹೆಪಟೈಟಿಸ್ ಹರಡಿತ್ತು. ಪೊದೆ ಗೀರಿದ ಕಾಲಿನ ಗಾಯಗಳ ಮೂಲಕ ಅದು ದಾಟುತ್ತಿತ್ತು. ಆಮೇಲೆ ಕಾಲು ಮುಚ್ಚುವುದು ನಿಯಮವಾಯಿತು. ಈಗ ನಾನು ಕಾಲು ಮುಚ್ಚುವುದು ಉಣುಗಿನ ಭಯಕ್ಕೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಮಂಗನ ಕಾಯಿಲೆಯ ವೈರಸ್ಸೂ, ಇಲ್ಲಿನ ಉಣುಗು ಹರಡುವ ಮೆದುಳು ಜ್ವರದ ವೈರಸ್ಸೂ ಹತ್ತಿರದ ಸಂಬಂಧಿಗಳು. ಊರಲ್ಲಿ ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಿ ಅನ್ನುತ್ತಿದ್ದರು. ಇಲ್ಲಿ ಲಸಿಕೆ ಇದೆ. ಸ್ಟಾಕ್‌ಹೋಮ್ ಸುತ್ತಮುತ್ತ ಕಾಡಿಗೆ ಹೋಗುವವರು ಅದನ್ನು ಹಾಕಿಸಿಕೊಳ್ಳುವುದೇ ಜಾಣತನ. ಒಂದೇ ಡೋಸ್‌ಗೆ ಮುಗಿಯುವುದಿಲ್ಲ, ಹಾಗಾಗಿ ಚಳಿಗಾಲದಲ್ಲೇ ಶುರು ಮಾಡಿ. ಅದೇ ಉಣುಗು ತರುವ ಲೈಮ್ ಕಾಯಿಲೆಗೆ ಈ ಲಸಿಕೆ ತಾಗುವುದಿಲ್ಲ. ಕಚ್ಚಿದ ಜಾಗದ ಸುತ್ತ ಕೆಂಪು ಹರಡುತ್ತಾ ಹೋದರೆ ಡಾಕ್ಟರಿಗೆ ತೋರಿಸಿ, ಆ್ಯಂಟಿಬಯೋಟಿಕ್ ಕೊಡುತ್ತಾರೆ. ನಾನು ಮನೆಗೆ ಬಂದ ತಕ್ಷಣ ಸ್ನಾನ ಮಾಡುತ್ತೇನೆ, ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು ಎಲ್ಲ ನೋಡಿಕೊಳ್ಳುತ್ತೇನೆ. ಚಳಿ ಶುರುವಾಯಿತು, ಇನ್ನು ಉಣುಗು ಇಲ್ಲ ಅನ್ನಬೇಡಿ. ಐದು ಡಿಗ್ರಿಯ ಮೇಲಿದ್ದರೆ ಅವು ಚುರುಕಾಗಿಯೇ ಇರುತ್ತವೆ.

ಅಕ್ಟೋಬರ್‌ನ ಎರಡನೇ ಸೋಮವಾರದಿಂದ ದಕ್ಷಿಣ ಸ್ವೀಡನ್ನಿನಲ್ಲಿ ಎಲ್ಕ್ ಬೇಟೆ ಶುರು. ಯಾರ ಕಾಡಲ್ಲಾದರೂ ನಡೆಯುವ, ಹಣ್ಣು, ಅಣಬೆ ಕೀಳುವ ಹಕ್ಕು ಇಲ್ಲಿ ಎಲ್ಲರಿಗೂ ಇದೆ. ಆದರೆ ಹಕ್ಕು ಬಂದೂಕಿನ ಗುಂಡಿಗೆ ಅಡ್ಡ ನಿಲ್ಲುವುದಿಲ್ಲ. ಬೇಟೆಯ ಬೋರ್ಡ್ ಕಂಡರೆ ಬೇರೆ ಕಡೆ ಹೋಗುತ್ತೇನೆ. ಕಿತ್ತಳೆ ಬಣ್ಣದ ವೆಸ್ಟ್ ಅಂತೂ ಆ ತಿಂಗಳಿಡೀ ಮೈಮೇಲೆ.

ಅದೇ ತಿಂಗಳಲ್ಲಿ ಸ್ಟಾಕ್‌ಹೋಮ್ ಕಡೆ 25 ಜನರ ಓರಿಯಂಟೀರಿಂಗ್ ರಿಲೇ ನಡೆಯುತ್ತದೆ, 1974ರಿಂದ. ಒಂದು ತಂಡಕ್ಕೆ ನಿಜವಾಗಿಯೂ 25 ಓಟಗಾರರು. ಹುಡುಗರು, ಹೆಂಗಸರು, ವಯಸ್ಸಾದವರು ಇಂತಿಷ್ಟು ಇರಲೇಬೇಕು. ಹಾಗಾಗಿ ನಮ್ಮಂಥ ಸಾಧಾರಣ ಓಟಗಾರರಿಗೂ ಕ್ಲಬ್ಬಿನಲ್ಲಿ ಬೆಲೆ ಬರುವ ವಾರ ಅದು. ನಡುವಿನ ಒಂದು ಸುತ್ತು ಸಿಕ್ಕರೆ ನನಗೆ ದೀಪಾವಳಿ ಮೊದಲೇ ಬಂದಂತೆ.

ಗಡಿಯಾರ ತಿರುಗಿಸಿದ ಮೇಲೆ ವಾರದ ದಿನಗಳಲ್ಲಿ ಕಾಡಿನ ಹಗಲು ಸಿಗುವುದಿಲ್ಲ. ಆಗ ಎರಡೇ ದಾರಿ. ಶನಿವಾರ ಬೆಳಿಗ್ಗೆ ಕಾಯುವುದು, ಇಲ್ಲವೇ ತಲೆದೀಪ ಕಟ್ಟಿಕೊಂಡು ರಾತ್ರಿ ಓರಿಯಂಟೀರಿಂಗ್‌ಗೆ ಇಳಿಯುವುದು. ಫೋನಿನಲ್ಲಿ ಅಮ್ಮ ಕೇಳಿದರು, "ಹೊತ್ತು ಮುಳುಗಿದ ಮೇಲೆ ಕಾಡಿಗ್ಯಾಕೋ ಹೋಗ್ತೀಯಾ?"

"ದಾರಿ ಹುಡುಕೋಕೆ, ಅಮ್ಮ."

"ಹಗಲಲ್ಲಿ ಹುಡುಕೋಕೆ ಏನಾಗಿತ್ತು?"

ಹಗಲಿಲ್ಲ ಅಂದರೆ ಅವರು ನಂಬುವುದಿಲ್ಲ. ರಾತ್ರಿಯಲ್ಲಿ ಕಾಣುವುದು ದೀಪದ ಬೆಳಕು ಬಿದ್ದಷ್ಟೇ ಜಾಗ. ಗುಡ್ಡದ ಆಕಾರ ಕಣ್ಣಿಗೆ ಸಿಗುವುದಿಲ್ಲ, ಏರುತ್ತಿದ್ದೇನೋ ಇಳಿಯುತ್ತಿದ್ದೇನೋ ಅಂತ ಕಾಲೇ ಹೇಳಬೇಕು. ಹೊಸಬರು ಮೊದಲು ಹಗಲಲ್ಲಿ ಓಡಿದ ಕಾಡನ್ನೇ ರಾತ್ರಿಗೆ ಆರಿಸಿ, ಹಗಲಿಗಿಂತ ಸುಲಭದ, ದಾರಿಯ ಪಕ್ಕದಲ್ಲೇ ಸಾಗುವ ಕೋರ್ಸ್ ತೆಗೆದುಕೊಳ್ಳಿ. ಇಬ್ಬರಾಗಿ ಹೋಗಿ. ಚಾರ್ಜ್ ತುಂಬಿದ ಇನ್ನೊಂದು ಬ್ಯಾಟರಿಯನ್ನು ಒಳಜೇಬಲ್ಲಿ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಸೀಟಿ ಒಂದು ಇರಲಿ. ಮನೆಯಲ್ಲಿ ಇಷ್ಟು ಗಂಟೆಗೆ ಬರುತ್ತೇನೆ ಅಂತ ಹೇಳಿ ಹೊರಡಿ. ಆ ಗಂಟೆ ಹತ್ತಿರ ಬಂದರೆ ಎಷ್ಟೇ ಕಂಟ್ರೋಲ್ ಬಾಕಿ ಇದ್ದರೂ ಹತ್ತಿರದ ದೀಪದ ದಾರಿ ಹಿಡಿದು ವಾಪಸು ಬಂದುಬಿಡಿ.