ಹಳೆಯ ಲ್ಯಾಪ್‌ಟಾಪಿನಿಂದ ಮನೆಮಂದಿಗೊಂದು ಫೋಟೋ ಸರ್ವರ್

ಗೂಗಲ್ ಫೋಟೋಸ್ ತನ್ನ ಮಿತಿಯಿಲ್ಲದ ಉಚಿತ ಸಂಗ್ರಹವನ್ನು 2021ರ ಜೂನ್ 1ರಿಂದ ನಿಲ್ಲಿಸಿದ ಮೇಲೆ, ಜಿಮೇಲ್, ಡ್ರೈವ್, ಫೋಟೋ ಮೂರೂ ಸೇರಿ 15 ಜಿಬಿಯೊಳಗೆ ಹೊಂದಿಕೊಳ್ಳಬೇಕಾಯಿತು. ಒಂದು ನಾಮಕರಣ, ಎರಡು ದಸರಾ ಕಳೆಯುವಷ್ಟರಲ್ಲಿ ಆ ಜಾಗ ತುಂಬುತ್ತದೆ. ತಿಂಗಳ ಬಾಡಿಗೆ ಕಟ್ಟಿ ಜಾಗ ಹೆಚ್ಚಿಸಿಕೊಳ್ಳುವುದು ತಪ್ಪಲ್ಲ. ಆದರೆ ಮನೆಯಲ್ಲಿ ಮೂಲೆ ಸೇರಿರುವ ಲ್ಯಾಪ್‌ಟಾಪ್ ಇದ್ದರೆ, ಅದೇ ಕೆಲಸವನ್ನು ಅದರಿಂದ ಮಾಡಿಸಬಹುದು. ಮೈಸೂರಿನ ನಮ್ಮ ಮನೆಯಲ್ಲಿ ನಾನು ಮಾಡಿಕೊಂಡಿರುವ ವ್ಯವಸ್ಥೆಯನ್ನೇ ಇಲ್ಲಿ ವಿವರಿಸುತ್ತೇನೆ.

ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಮತ್ತು ಒಂದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕು) ಇದ್ದರೆ ಸಾಕು. ಪರದೆ ಒಡೆದಿದ್ದರೂ ಚಿಂತೆಯಿಲ್ಲ, ಆದರೆ ಬ್ಯಾಟರಿ ಉಬ್ಬಿದ್ದರೆ ಅದನ್ನು ಮೊದಲು ತೆಗೆಸಿಹಾಕಬೇಕು. ಬ್ಯಾಟರಿ ಚೆನ್ನಾಗಿದ್ದರೆ, ಸದಾ ಪ್ಲಗ್ಗಿಗೆ ಅಂಟಿಕೊಂಡಿರುವ ಯಂತ್ರದಲ್ಲಿ ಚಾರ್ಜು ಶೇ. 80ಕ್ಕೆ ನಿಲ್ಲುವಂತೆ ಬಯಾಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ಮಿತಿ ಹಾಕುವ ಅವಕಾಶವಿದೆಯೇ ಎಂದು ನೋಡಿ. ಸುಮಾರು 15 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ಹಗಲಿರುಳು ಓಡಿದರೂ ತಿಂಗಳಿಗೆ ಆಗುವುದು 11 ಯೂನಿಟ್‌ನಷ್ಟು.

ಅದರಲ್ಲಿ ಡೆಬಿಯನ್ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿ. ಮುಚ್ಚಳ ಮುಚ್ಚಿದ ಕೂಡಲೇ ಯಂತ್ರ ಮಲಗದಂತೆ ‘ಲಾಗಿನ್‌ಡಿ’ ಸೇವೆಯ ಕಾನ್ಫಿಗರೇಷನ್ ಕಡತದಲ್ಲಿ ‘ಹ್ಯಾಂಡಲ್ ಲಿಡ್ ಸ್ವಿಚ್’ ಎಂಬ ಸಾಲಿಗೆ ‘ಇಗ್ನೋರ್’ ಎಂದು ಬರೆಯಬೇಕು. ಇದನ್ನು ಮರೆತವರೇ ‘ಸರ್ವರ್ ತಾನಾಗಿಯೇ ಆಫ್ ಆಗುತ್ತದೆ’ ಎಂದು ಪೇಚಾಡುವುದು. ವೈಫೈ ಬದಲು ಕೇಬಲ್ ಮೂಲಕ ರೂಟರಿಗೆ ಜೋಡಿಸಿ, ರೂಟರಿನಲ್ಲಿ ಅದಕ್ಕೆ ಬದಲಾಗದ ಐಪಿ ವಿಳಾಸವನ್ನು ಕಾದಿರಿಸಿ. ಅನಂತರ, ತಂತ್ರಾಂಶಗಳನ್ನು ಬೇರೆಬೇರೆ ಪೆಟ್ಟಿಗೆಗಳಲ್ಲಿಟ್ಟಂತೆ ಓಡಿಸುವ ಡಾಕರ್ ಅನುಸ್ಥಾಪಿಸಿ, ಅದರ ಮೂಲಕ ಫೋಟೋಗಳನ್ನು ಸಂಗ್ರಹಿಸಿ ತೋರಿಸುವ ಇಮಿಚ್ ಎಂಬ ಮುಕ್ತ ತಂತ್ರಾಂಶವನ್ನು ಚಾಲನೆಗೆ ತನ್ನಿ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಖಾತೆ ತೆರೆದು, ಅವರವರ ಫೋನಿನಲ್ಲಿ ಇಮಿಚ್ ಆ್ಯಪ್ ಹಾಕಿ, ಹಿನ್ನೆಲೆಯಲ್ಲಿ ಬ್ಯಾಕಪ್ ಆಗುವಂತೆ ಹೊಂದಿಸಿದರೆ ಮುಂದೆ ಅವರು ಏನನ್ನೂ ಮಾಡಬೇಕಿಲ್ಲ. ಮುಖಗಳನ್ನು ಗುರುತಿಸಿ ವಿಂಗಡಿಸುವ ಕೆಲಸವೂ ಮನೆಯ ಯಂತ್ರದಲ್ಲೇ ನಡೆಯುತ್ತದೆ. ಮೊದಲ ಸಲ ಅದಕ್ಕೆ ದಿನಗಟ್ಟಲೆ ಹಿಡಿಯಬಹುದು, ತಾಳ್ಮೆಯಿರಲಿ.

ಫೋಟೋಗಳನ್ನು ಯುಎಸ್‌ಬಿ ಮೂಲಕ ಜೋಡಿಸಿದ ಹಾರ್ಡ್ ಡಿಸ್ಕಿನಲ್ಲಿಡಬಹುದು, ಆದರೆ ಇಮಿಚ್‌ನ ಡೇಟಾಬೇಸ್ (ಆಲ್ಬಮ್ಮು, ಹೆಸರು ಮುಂತಾದವುಗಳ ದಾಖಲೆ) ಒಳಗಿನ ಎಸ್‌ಎಸ್‌ಡಿಯಲ್ಲೇ ಇರಲಿ. ಡಿಸ್ಕನ್ನು ಕೊಳ್ಳುವಾಗ ಎರಡೂವರೆ ಇಂಚಿನದನ್ನೇ ಆರಿಸಿ. ಅದು ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಪಡೆಯುವುದರಿಂದ ಕರೆಂಟು ಹೋದಾಗಲೂ ಬ್ಯಾಟರಿಯ ಬಲದಲ್ಲಿ ಓಡುತ್ತಿರುತ್ತದೆ. ಮೂರೂವರೆ ಇಂಚಿನ ಡಿಸ್ಕಿಗಾದರೆ ಬೇರೆಯೇ ಅಡಾಪ್ಟರ್ ಇದ್ದು, ಕರೆಂಟು ಹೋದ ಕ್ಷಣವೇ, ಬರೆಯುತ್ತಿರುವ ಕಡತದ ನಡುವೆಯೇ ಅದು ನಿಂತುಬಿಡುತ್ತದೆ.

ಹೊರಗಿದ್ದಾಗಲೂ ಫೋಟೋ ನೋಡಬೇಕೆಂದು ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆಯಲು ಹೋಗಬೇಡಿ. ಅದು ಅಪಾಯಕರ, ಅಲ್ಲದೆ ನಮ್ಮಲ್ಲಿನ ಎಷ್ಟೋ ಫೈಬರ್ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವುದರಿಂದ ತೆರೆದರೂ ಫಲವಿಲ್ಲ. ನಮ್ಮದೇ ಸಾಧನಗಳ ನಡುವೆ ಇಂಟರ್ನೆಟ್ಟಿನಲ್ಲಿ ಖಾಸಗಿ ಸಂಪರ್ಕ ಕಟ್ಟಿಕೊಡುವ, ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಜ್ಞಾನ ಆಧಾರಿತ ಟೇಲ್‌ಸ್ಕೇಲನ್ನು ಸರ್ವರಿನಲ್ಲೂ ಫೋನುಗಳಲ್ಲೂ ಹಾಕಿಕೊಂಡರೆ ಈ ತೊಡಕು ಬಗೆಹರಿಯುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ದಯವಿಟ್ಟು ನಿಲ್ಲಿಸಬೇಡಿ. ನಮ್ಮ ಅಜ್ಜಿಯ ಕೊನೆಯ ಯುಗಾದಿಯ ಚಿತ್ರಗಳು ಒಂದೇ ಒಂದು ಪೋರ್ಟಬಲ್ ಡಿಸ್ಕಿನಲ್ಲಿದ್ದವು. ಮೇಜಿನಿಂದ ಬಿದ್ದ ಆ ಡಿಸ್ಕು ಟಿಕ್ ಟಿಕ್ ಎಂದಿತೇ ಹೊರತು ಮತ್ತೆ ತೆರೆಯಲಿಲ್ಲ. ಸರ್ವರ್ ಒಂದೇ ಇದ್ದರೆ ಅದೂ ಅಂಥದೇ ಒಂದು ಡಿಸ್ಕು. ಆದ್ದರಿಂದ ಎರಡನೆಯ ಪ್ರತಿ ಇನ್ನೊಂದು ಮನೆಯಲ್ಲಿರಲೇಬೇಕು. ನಮ್ಮದು ಮಂಡ್ಯದಲ್ಲಿ ಅಪ್ಪ ಅಮ್ಮನ ಮನೆಯಲ್ಲಿ, ಟಿವಿಯ ಹಿಂದೆ ಕೂರಿಸಿದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಅಂಟಿಸಿದ ಡಿಸ್ಕಿನಲ್ಲಿದೆ. ಮೊದಲ ಪೂರ್ಣ ಪ್ರತಿಯನ್ನು ಮೈಸೂರಿನಲ್ಲೇ ತೆಗೆದು, ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ರೈಲಿನಲ್ಲಿ ಒಯ್ದೆ. ಅಷ್ಟನ್ನೂ ಇಂಟರ್ನೆಟ್ಟಿನಲ್ಲಿ ಕಳಿಸುತ್ತ ಕೂರುವುದಕ್ಕಿಂತ ಅದು ಬೇಗ. ಆಮೇಲೆ ಹೊಸದಾಗಿ ಸೇರಿದ್ದಷ್ಟೇ ರಾತ್ರಿ ಹೊತ್ತು ಟೇಲ್‌ಸ್ಕೇಲ್ ಮೂಲಕ ಹೋಗುತ್ತದೆ.

ಈ ಕೆಲಸಕ್ಕೆ ಸಿಂಕ್ ಮಾಡುವ ತಂತ್ರಾಂಶಗಳು ಸಾಲವು, ಏಕೆಂದರೆ ಇಲ್ಲಿ ಕೈತಪ್ಪಿ ಅಳಿಸಿದ್ದು ಅಲ್ಲೂ ಅಳಿದುಹೋಗುತ್ತದೆ. ದಿನದಿನದ ಸ್ಥಿತಿಯನ್ನು ಬೇರೆಬೇರೆಯಾಗಿ ಉಳಿಸುವ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಬಳಸಿ. ಫೋಟೋಗಳ ಜೊತೆಗೆ ಇಮಿಚ್ ತಾನೇ ತೆಗೆದಿಡುವ ಡೇಟಾಬೇಸ್ ಪ್ರತಿಯೂ ಅದರಲ್ಲಿ ಸೇರಿರಬೇಕು, ಇಲ್ಲವಾದರೆ ಆಲ್ಬಮ್ಮುಗಳೂ ಹೆಸರುಗಳೂ ಮರಳಿ ಬರುವುದಿಲ್ಲ. ರೆಸ್ಟಿಕ್‌ನ ಪಾಸ್‌ವರ್ಡ್ ಕಳೆದರೆ ಆ ಪ್ರತಿಯನ್ನು ತೆರೆಯಲು ಬೇರೆ ದಾರಿಯೇ ಇಲ್ಲ. ಹಾಗಾಗಿ ಅದನ್ನೂ, ಸರ್ವರ್ ಕೆಟ್ಟರೆ ಏನು ಮಾಡಬೇಕೆಂಬುದನ್ನೂ ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಮನೆಪತ್ರಗಳಿರುವ ಬೀರುವಿನಲ್ಲಿಟ್ಟು, ಹೆಂಡತಿಗೋ ಗಂಡನಿಗೋ ತೋರಿಸಿರಿ.

ತಿಂಗಳಿಗೊಂದು ಭಾನುವಾರ ಎರಡನೆಯ ಪ್ರತಿಯಿಂದ ಯಾವುದಾದರೂ ಒಂದು ಚಿತ್ರವನ್ನು ಹೊರತೆಗೆದು, ಅದು ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿ. ಕಳೆದ ಸಲ ನಾನು ತೆಗೆದದ್ದು ಅಮ್ಮ ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿರುವ ಚಿತ್ರ. ಅವರ ಬೆರಳಿಗೆ ಅಂಟಿದ ಹಿಟ್ಟೂ ಸ್ಪಷ್ಟವಾಗಿ ಕಾಣುತ್ತಿತ್ತು.